ಬೆಂಚಿನ ಬೆನ್ನಿಗೊಂದು ಹಲಗೆ

ಬೇಸಿಗೆ ಶುರುವಾಯಿತೆಂದರೆ ಅಮೆರಿಕ, ಕೆನಡಾಗಳ ಹೆದ್ದಾರಿಗಳಲ್ಲಿ ಕಾರುಗಳ ಹಿಂದೆ ಗುಂಡುಗುಂಡಾದ ಪುಟ್ಟ ಗಾಡಿಗಳು ಓಡಾಡತೊಡಗುತ್ತವೆ. ಮೈಯೆಲ್ಲ ಫೈಬರ್‌ಗ್ಲಾಸ್. ಎಲ್ಲೂ ಚೂಪು ಮೂಲೆಯಿಲ್ಲ. ಅಲ್ಲಿನವರು ಇವನ್ನು ಮೊಟ್ಟೆ ಎಂದೇ ಕರೆಯುತ್ತಾರೆ. ಇವುಗಳಲ್ಲಿ ಬಹಳ ಬಳಕೆಯಲ್ಲಿರುವುದು 13 ಅಡಿಯ ಗಾಡಿ. ಆ 13 ಅಡಿಯಲ್ಲಿ ಕಾರಿಗೆ ಸಿಕ್ಕಿಸುವ ಕಬ್ಬಿಣದ ಮೂತಿಯೂ ಸೇರಿರುವುದರಿಂದ ವಾಸಕ್ಕೆ ದಕ್ಕುವುದು ಸುಮಾರು 10 ಅಡಿ ಮಾತ್ರ. ಅಷ್ಟರೊಳಗೆ ಒಲೆ, ಸಿಂಕು, ನೀರಿನ ಟ್ಯಾಂಕು, ಹಾಸಿಗೆ, ಬಟ್ಟೆಬರೆ, ಜೊತೆಗೊಂದು ಊಟದ ಮೇಜು.

ಎಲ್ಲರಿಗೂ ಅಡ್ಡ ಬರುವುದು ಈ ಮೇಜೇ. ಎದುರುಬದುರು ಎರಡು ಬೆಂಚು, ನಡುವೆ ಕಾಲುಗಂಬದ ಮೇಲೆ ನಿಂತ ಹಲಗೆ. ಹಗಲಲ್ಲಿ ಅದು ಮೇಜು. ರಾತ್ರಿ ಕಂಬ ಕಿತ್ತು ಕೆಳಗಿಳಿಸಿದರೆ ಬೆಂಚುಗಳ ನಡುವಿನ ಸಂದು ಮುಚ್ಚಿ ಮಂಚವಾಗುತ್ತದೆ. ಮಲಗುವವರಿಗೆ ಒಳ್ಳೆಯ ಏರ್ಪಾಡು, ಕೂರುವವರಿಗೆ ಕಷ್ಟದ್ದು. ಕಿಟಕಿ ಪಕ್ಕ ಕೂತವರು ಹೊರಗೆ ಬರಬೇಕಾದರೆ ಮೇಜಿನ ಅಂಚಿಗೆ ಹೊಟ್ಟೆ ಒತ್ತಿಕೊಂಡು ಸರಿಯಬೇಕು, ಮೊಣಕಾಲು ಕಂಬಕ್ಕೆ ಬಡಿಯುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಇಂಥ ಗಾಡಿ ಎಳೆದುಕೊಂಡು ಹೋಗಿ ಬೆಟ್ಟ, ಕೆರೆ ತೋರಿಸುವ ಕನ್ನಡದ ಮನೆಗಳನ್ನು ನಾನು ಬಲ್ಲೆ. ಎಪ್ಪತ್ತು ದಾಟಿದವರಿಗೆ ಆ ಸಂದಿನಲ್ಲಿ ನುಸುಳುವುದು ಚಿಕ್ಕ ಕಷ್ಟವಲ್ಲ.

ಇದಕ್ಕೆ ಇರುವ ಪರಿಹಾರ ತಿರುಗುವ ಮೇಜುಗೈ. ದೋಣಿಗಳಲ್ಲೂ ಕ್ಯಾಂಪರ್ ವ್ಯಾನುಗಳಲ್ಲೂ ಲಾಗುನ್ ಹೆಸರಿನ ಕೈ ಹೆಚ್ಚು ಕಾಣಸಿಗುತ್ತದೆ. ಅದೇ ಮಾದರಿಯ ಬೇರೆಯವೂ ಇವೆ. ಬೆಂಚಿನ ಮುಖಕ್ಕೆ ಅಲ್ಯೂಮಿನಿಯಂ ತಟ್ಟೆಯೊಂದನ್ನು ಬೋಲ್ಟು ಹಾಕಿ ಕೂರಿಸುತ್ತಾರೆ. ಅದರೊಳಗೆ ಏರಿಳಿಯುವ ನೆಟ್ಟನೆಯ ಕಂಬ, ಕಂಬದ ತುದಿಗೆ ಅಡ್ಡ ತೋಳು, ತೋಳಿನ ತುದಿಗೆ ಮೇಜಿನ ಹಲಗೆ. ತೋಳು ಕಂಬದ ಸುತ್ತ ತಿರುಗುತ್ತದೆ, ಹಲಗೆ ತೋಳಿನ ತುದಿಯಲ್ಲಿ ತಿರುಗುತ್ತದೆ. ಹೀಗೆ ಎರಡು ಕಡೆ ತಿರುಗುವುದರಿಂದ ಮೇಜನ್ನು ಕೂತವರ ಎದೆಯ ಹತ್ತಿರಕ್ಕೆ ಎಳೆದುಕೊಳ್ಳಬಹುದು, ಒಲೆಯ ಪಕ್ಕಕ್ಕೆ ಸರಿಸಿ ತರಕಾರಿ ಹೆಚ್ಚಬಹುದು, ಯಾರಾದರೂ ಏಳಬೇಕೆಂದರೆ ಬಾಗಿಲಿನಂತೆ ತೆರೆದು ದಾರಿ ಬಿಡಬಹುದು. ನೆಲದಲ್ಲಿ ಕಾಲಿಲ್ಲ. ಬೇಡವಾದಾಗ ಇಡೀ ಕೈಯನ್ನು ತಟ್ಟೆಯಿಂದ ಮೇಲಕ್ಕೆಳೆದು ತೆಗೆದಿಡಬಹುದು.

ಕೊಳ್ಳುವುದಕ್ಕೆ ದುಡ್ಡಿದ್ದರೆ ಆಯಿತು. ಕೂರಿಸುವುದಕ್ಕೆ ಮಾತ್ರ ಫೈಬರ್‌ಗ್ಲಾಸಿನ ಗುಣ ಗೊತ್ತಿರಬೇಕು. ಅಂಗಡಿಯ ಪೆಟ್ಟಿಗೆಯಲ್ಲಿ ಬರುವ ಸ್ಕ್ರೂಗಳು ಸಾಮಾನ್ಯವಾಗಿ ಮರದ ಗೋಡೆಯನ್ನು ಮನಸ್ಸಿನಲ್ಲಿಟ್ಟುಕೊಂಡವು. ಮೊಟ್ಟೆ ಗಾಡಿಗಳಲ್ಲಿ ಹಲವುಗಳ ಬೆಂಚು ಮರದ್ದಲ್ಲ, ಅದೂ ಅಚ್ಚಿನಲ್ಲಿ ಎರಕವಾದ ಫೈಬರ್ ಪೆಟ್ಟಿಗೆ.

ಈ ಗಾಡಿಗಳು ಹುಟ್ಟಿದ್ದೇ ಹಾಗೆ. 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ರೇ ಒಲೆಕೊ ಎಂಬಾತ ಬೋಲರ್ ಎಂಬ ಪುಟ್ಟ ಟ್ರೇಲರ್ ತಂದ. ಅದಕ್ಕೂ ಮುಂಚೆ ಅವನು ಫೈಬರ್‌ಗ್ಲಾಸಿನಲ್ಲಿ ಸೆಪ್ಟಿಕ್ ಟ್ಯಾಂಕ್ ರೂಪಿಸಿದ್ದವನು. ಹಗುರವಾಗಿ, ಸೋರದ ಹಾಗೆ ಟ್ಯಾಂಕ್ ಮಾಡಲು ಬರುವುದಾದರೆ ಸೋರದ ಮನೆಯನ್ನೂ ಮಾಡಬಹುದು ಎಂಬುದು ಅವನ ಲೆಕ್ಕ. ಮೇಲರ್ಧ ಒಂದು ಅಚ್ಚು, ಕೆಳಗಿನರ್ಧ ಇನ್ನೊಂದು ಅಚ್ಚು, ನಡುವಿನಲ್ಲಿ ಎರಡನ್ನೂ ಬೆಸೆದರೆ ಗಾಡಿ. ತೂಕ ಸುಮಾರು 400 ಕೆ.ಜಿ., ಸಣ್ಣ ಕಾರೇ ಎಳೆಯಬಲ್ಲದು. ಅದೇ ದಾರಿಯಲ್ಲಿ ಮಿನ್ನೆಸೋಟಾದ ಬ್ಯಾಕಸ್ ಊರಿನ ಸ್ಕ್ಯಾಂಪ್ 1970ರ ದಶಕದ ಆರಂಭದಲ್ಲಿ ಬಂತು, 1980ರ ದಶಕದಲ್ಲಿ ಟೆಕ್ಸಸ್‌ನ ಕಸೀಟ ಬಂತು. ಮರದ ಚೌಕಟ್ಟಿಗೆ ತಗಡು ಹೊದಿಸಿದ ಆ ಕಾಲದ ಟ್ರೇಲರುಗಳು ಚಾವಣಿಯ ಹೊಲಿಗೆ ಬಿಟ್ಟು, ನೀರು ಕುಡಿದು, ಒಳಗೊಳಗೇ ಕೊಳೆತು ಹೋದದ್ದೇ ಹೆಚ್ಚು. ಫೈಬರಿನವು ಐವತ್ತು ವರ್ಷ ಕಳೆದರೂ ರಸ್ತೆಯ ಮೇಲಿವೆ. ಇಷ್ಟು ಬಾಳಿದ ಮೈಗೆ ನಾವೊಂದು ತೂತು ಕೊರೆಯುವಾಗ ಕೈ ಒಂದು ಕ್ಷಣ ತಡೆಯಬೇಕು.

ಫೈಬರ್‌ಗ್ಲಾಸ್ ಎಂದರೆ ಗಾಜಿನ ನೂಲನ್ನು ರೆಸಿನ್‌ನಲ್ಲಿ ನೆನೆಸಿ ಗಟ್ಟಿಮಾಡಿದ ಪದರಗಳು. ಎಳೆದರೆ ಜಗ್ಗದ ಬಲವೆಲ್ಲ ಗಾಜಿನದು, ನೂಲನ್ನು ಜಾಗದಲ್ಲಿ ಹಿಡಿದಿಡುವ ಅಂಟು ರೆಸಿನ್‌ನದು. ನಮ್ಮ ಕಣ್ಣಿಗೆ ಕಾಣುವ ನುಣುಪು ಮೇಲ್ಮೈ ಜೆಲ್‌ಕೋಟ್, ಅರ್ಧ ಮಿಲಿಮೀಟರ್ ಆಸುಪಾಸಿನ ಬಣ್ಣದ ರೆಸಿನ್ ಪದರ. ಅದರಲ್ಲಿ ನೂಲಿಲ್ಲ, ಹಾಗಾಗಿ ಅದು ಬಾಗಲಾರದು, ಬಿರಿಯುತ್ತದೆ. ಜೆಲ್‌ಕೋಟಿನ ಹಿಂದೆ ಬೆಂಚಿನ ಗೋಡೆ ಇರುವುದು ಹೆಚ್ಚೆಂದರೆ ಮೂರು ನಾಲ್ಕು ಮಿಲಿಮೀಟರ್. ಮರದ ತುಂಡಿಗೆ ಸ್ಕ್ರೂ ತಿರುಗಿಸಿದರೆ ಮರದ ನಾರು ಪಕ್ಕಕ್ಕೆ ಸರಿದು ಮತ್ತೆ ಸ್ಕ್ರೂವನ್ನು ಅಪ್ಪಿ ಹಿಡಿಯುತ್ತದೆ. ಗಾಜಿನ ನೂಲು ಸರಿಯುವುದಿಲ್ಲ, ತುಂಡಾಗುತ್ತದೆ. ಸ್ಕ್ರೂವಿನ ಸುತ್ತ ಉಳಿಯುವುದು ರೆಸಿನ್ ಪುಡಿ. ಮೊದಲ ದಿನ ಭದ್ರವಾಗಿಯೇ ಇರುತ್ತದೆ. ನಾಲ್ಕು ಬಾರಿ ಮೇಜು ಕುಲುಕಿದ ಮೇಲೆ ತೂತು ಹಿಗ್ಗಿ, ಸ್ಕ್ರೂ ಬರಿಗೈಗೆ ಬರುತ್ತದೆ.

ನಮ್ಮೂರಿನಲ್ಲೂ ಇದು ಗೊತ್ತಿಲ್ಲದ ವಿಷಯವೇನಲ್ಲ. ಈಗ ಮನೆಮನೆಗೂ ಬಂದಿರುವ ಫೈಬರ್ ಬಚ್ಚಲ ಬಾಗಿಲನ್ನು ನೋಡಿ. ಕೀಲು, ಚಿಲಕ ಬರುವ ಕಡೆ ಮಾತ್ರ ತಯಾರಿಸುವಾಗಲೇ ಒಳಗೆ ಮರದ ತುಂಡು ಇಟ್ಟಿರುತ್ತಾರೆ. ಟವೆಲ್ ನೇತುಹಾಕಲು ಬೇರೆಲ್ಲೋ ಕೊಕ್ಕೆ ಹೊಡೆದರೆ ಕೆಲವೇ ತಿಂಗಳಲ್ಲಿ ಅದು ಟವೆಲ್ ಸಮೇತ ಕೆಳಗೆ. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಫೈಬರ್ ದೋಣಿಯ ಕೆಲಸ ಬಲ್ಲವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಹಗ್ಗ ಬಿಗಿಯುವ ಜಾಗದ ಹಿಂದೆ ಮರವೋ ಉಕ್ಕೋ ಇರಲೇಬೇಕು, ಬರೀ ಫೈಬರನ್ನು ನಂಬಿ ದೋಣಿ ಕಟ್ಟಿಹಾಕುವಂತಿಲ್ಲ.

ಮೇಜಿನ ವಿಷಯದಲ್ಲಿ ಎಷ್ಟು ಬಲ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಊಟ ಮುಗಿಸಿ ಏಳುವಾಗ ಎಲ್ಲರೂ ಮೇಜಿಗೆ ಕೈಯೂರುತ್ತೇವೆ. ಕಂಬದಿಂದ 50 ಸೆಂಟಿಮೀಟರ್ ದೂರದಲ್ಲಿ 30 ಕೆ.ಜಿ.ಯಷ್ಟು ಭಾರ ಬಿತ್ತು ಎನ್ನೋಣ. ಬೆಂಚಿಗೆ ಕೂರಿಸಿದ ತಟ್ಟೆಯ ಮೇಲಿನ ಸಾಲಿನ ಬೋಲ್ಟಿಗೂ ಕೆಳಗಿನ ಅಂಚಿಗೂ ಅಂತರ 10 ಸೆಂಟಿಮೀಟರ್. 30ನ್ನು 50ರಿಂದ ಗುಣಿಸಿ 10ರಿಂದ ಭಾಗಿಸಿದರೆ 150. ಅಂದರೆ ಮೇಲಿನ ಬೋಲ್ಟುಗಳನ್ನು ಬೆಂಚಿನಿಂದ ಹೊರಕ್ಕೆ ಕೀಳುತ್ತಿರುವುದು 150 ಕೆ.ಜಿ. ಭಾರಕ್ಕೆ ಸಮನಾದ ಬಲ. ಕೆಳಗಿನ ಅಂಚು ಅಷ್ಟೇ ಬಲದಿಂದ ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ತೋಳನ್ನು ಪಕ್ಕಕ್ಕೆ ತಿರುಗಿಸಿದಾಗ ಇದೇ ಬಲ ಎಡಬಲದ ಬೋಲ್ಟುಗಳಿಗೆ ವರ್ಗವಾಗುತ್ತದೆ. ಕಾಲಿಲ್ಲದ ಮೇಜಿಗೆ ಇದರಿಂದ ಬಿಡುಗಡೆಯಿಲ್ಲ. ನೆಲ ಹೊರಬೇಕಾದ್ದನ್ನೆಲ್ಲ ಬೆಂಚು ಹೊರುತ್ತಿದೆ.

ಬೋಲ್ಟು ಮುರಿಯುವುದಿಲ್ಲ, ಆರು ಮಿಲಿಮೀಟರಿನ ಸ್ಟೇನ್‌ಲೆಸ್ ಬೋಲ್ಟಿಗೆ ಇದು ಲೆಕ್ಕಕ್ಕೇ ಇಲ್ಲ. ಸೋಲುವುದು ಬೆಂಚಿನ ಗೋಡೆ. ತುಂಡು ನೂಲಿನ ಚಾಪೆಯಿಂದ ಮಾಡಿದ ಫೈಬರ್ ಉಕ್ಕಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಸುಲಭವಾಗಿ ಬಾಗುತ್ತದೆ. ಬಾಗಿದಾಗಲೆಲ್ಲ ಜೆಲ್‌ಕೋಟ್ ಬಿರಿದು, ಬೋಲ್ಟಿನ ತಲೆಯ ಸುತ್ತ ಜೇಡರ ಬಲೆಯಂಥ ಗೆರೆಗಳು ಏಳುತ್ತವೆ. ಬರೀ ಸ್ಕ್ರೂ ಬದಲು ಬೋಲ್ಟು ಹಾಕಿ ಹಿಂದೆ ಸಣ್ಣ ವಾಷರ್ ಕೊಟ್ಟರೂ ಇದು ತಪ್ಪದು. ವಾಷರಿನ ಅಂಚೇ ಕತ್ತರಿಯ ಕೆಲಸ ಮಾಡುತ್ತದೆ.

ಆದ್ದರಿಂದ ಬೆಂಚಿನ ಒಳಗಿನಿಂದ, ತಟ್ಟೆಗಿಂತ ಚೆನ್ನಾಗಿ ದೊಡ್ಡದಾದ ಹಲಗೆಯೊಂದನ್ನು ಕೊಡಲೇಬೇಕು. ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದುಬಾರಿ ಮೇಜುಗೈ ಕೊಂಡು, ಪುಡಿಗಾಸಿನ ಮರದ ತುಂಡಿಗೆ ಹಿಂದೇಟು ಹಾಕಿ ಬೆಂಚು ಹಾಳುಮಾಡಿಕೊಂಡವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಹಲಗೆಗೆ ಹೋಗುವ ಮುನ್ನ ಜಾಗ. ಹೊರಮೈಯ ಗೋಡೆ ಬೇಡವೇ ಬೇಡ. ಅಲ್ಲಿ ಕೊರೆದ ಪ್ರತಿ ತೂತೂ ಮಳೆಗೆ ತೆರೆದ ದಾರಿ. ಹಳೆಯ ಗಾಡಿಗಳು ಹಲವು ಬಾರಿ ಸೋರುವುದು ಕಪಾಟು ನೇತುಹಾಕಲು ಗೋಡೆಯಾಚೆಗೆ ಹೊಡೆದ ರಿವೆಟ್‌ಗಳ ಹತ್ತಿರ. ಬೆಂಚಿನ ಮುಖ ಒಳಗಿನದು, ಅಲ್ಲಿ ಮಳೆನೀರಿನ ಭಯವಿಲ್ಲ. ಬೆಂಚಿನ ಮುಚ್ಚಳ ತೆಗೆದು ಒಳಗೆ ಏನಿದೆ ನೋಡಬೇಕು. ನೀರಿನ ಟ್ಯಾಂಕು, ಬ್ಯಾಟರಿ, ವೈರು, ಗ್ಯಾಸಿನ ಕೊಳವೆ, ಚಕ್ರದ ಗೂಡು, ಇವುಗಳಲ್ಲಿ ಯಾವುದಾದರೂ ಇರುವುದು ಖಚಿತ. ಜೊತೆಗೆ ನಟ್ಟು ಬಿಗಿಯಲು ಕೈಯೂ ಪಾನವೂ ಅಲ್ಲಿಗೆ ಎಟುಕಬೇಕು. ಬೆಂಚಿನ ಮೂಲೆ ತಿರುಗುವ ಹತ್ತಿರದ ಜಾಗ ನಡುಭಾಗಕ್ಕಿಂತ ಗಡುಸು, ಆದಷ್ಟು ಅತ್ತ ಸರಿದರೆ ಲಾಭ. ಕೊರೆಯುವ ಮೊದಲು ರಟ್ಟಿನಲ್ಲಿ ಮೇಜಿನ ಅಳತೆ ಕತ್ತರಿಸಿ, ಅಂದಾಜು ಜಾಗದಲ್ಲಿ ಹಿಡಿದು ತಿರುಗಿಸಿ ನೋಡಬೇಕು. ಬಾಗಿಲಿಗೆ ತಾಗುತ್ತದೆಯೇ, ಒಲೆಯ ಗುಬುಟಿಗೆ ತಾಗುತ್ತದೆಯೇ, ಕೂತವರ ಎದೆಗೆ ಎಷ್ಟು ದೂರ. ಕುಶನ್ ಒತ್ತಿ ಕೂತಾಗ ಇಳಿಯುವಷ್ಟು ಇಳಿದ ಮೇಲೆ, ಅಲ್ಲಿಂದ ಮೇಜಿನ ಮೇಲ್ಮೈಗೆ 28-30 ಸೆಂಟಿಮೀಟರ್ ಇದ್ದರೆ ಉಣ್ಣಲೂ ಬರೆಯಲೂ ಹಿತ.

ಈಗ ಬರುವುದು ಬಹಳ ಜನ ಗಮನಿಸದೆ ಬಿಡುವ ಸೂಕ್ಷ್ಮ. ಎರಕದ ಬೆಂಚಿನ ಮುಖ ನೆಟ್ಟಗೆ ಕಂಡರೂ ನೆಟ್ಟಗಿರುವುದಿಲ್ಲ. ಇಡ್ಲಿ ತಟ್ಟೆಯ ಗುಳಿ ಅಂಚಿನತ್ತ ಅಗಲವಾಗುತ್ತ ಬರುವುದರಿಂದಲೇ ಇಡ್ಲಿ ಮುರಿಯದೆ ಏಳುತ್ತದೆ. ಫೈಬರ್ ಅಚ್ಚಿಗೂ ಅದೇ ಕಟ್ಟಳೆ. ವಸ್ತು ಅಚ್ಚಿನಿಂದ ಬಿಟ್ಟು ಬರಲೆಂದು ಪ್ರತಿ ಗೋಡೆಗೂ ಒಂದೆರಡು ಡಿಗ್ರಿ ಓರೆ ಕೊಟ್ಟಿರುತ್ತಾರೆ. ಗೆಳೆಯನೊಬ್ಬನ ಹಳೆಯ ಗಾಡಿಯಲ್ಲಿ ನಾವು ಮೊದಲು ಗಾಡಿಯನ್ನೇ ಜ್ಯಾಕ್ ಏರಿಸಿ ಇಳಿಸಿ ನೆಲ ಮಟ್ಟ ಮಾಡಿಕೊಂಡೆವು. ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ಗುಳ್ಳೆ ನಡುವಿಗೆ ಬಂದ ಮೇಲೆ, ಅದನ್ನೇ ಬೆಂಚಿನ ಮುಖಕ್ಕೆ ನೆಟ್ಟಗೆ ಒರಗಿಸಿದರೆ ಗುಳ್ಳೆ ಗೆರೆ ದಾಟಿ ಆಚೆ ಹೋಯಿತು. ಬೆಂಚು ಕೆಳಗೆ ಅಗಲ, ಮೇಲೆ ಕಿರಿದು. ರಸಮಟ್ಟದ ಮೇಲ್ತುದಿಗೂ ಬೆಂಚಿಗೂ ನಡುವೆ ತೆಳು ಪ್ಲೈ ಚೂರುಗಳನ್ನು ಒಂದೊಂದಾಗಿ ತೂರಿಸಿ, ಗುಳ್ಳೆ ನಡುವಿಗೆ ಬಂದಾಗ ಅಳೆದೆವು. ಲೆಕ್ಕ ಹಾಕಿದರೆ ಮೂರು ಡಿಗ್ರಿ.

ಮೂರು ಡಿಗ್ರಿ ಎಂದರೆ ಏನು ಮಹಾ ಎನಿಸಬಹುದು. ಓರೆಯ ಬೆಂಚಿಗೆ ತಟ್ಟೆ ಒತ್ತಿ ಕೂರಿಸಿದರೆ ಕಂಬವೂ ಅಷ್ಟೇ ಓರೆ, ತೋಳೂ ಅಷ್ಟೇ ಓರೆ. 60 ಸೆಂಟಿಮೀಟರ್ ಆಚೆಯ ಮೇಜಿನ ಅಂಚು ಮೂರು ಸೆಂಟಿಮೀಟರಿಗೂ ಹೆಚ್ಚು ಏರಿಯೋ ಇಳಿದೋ ಇರುತ್ತದೆ. ಸಾರಿನ ಬಟ್ಟಲು ಜಾರಲು ಅಷ್ಟು ಧಾರಾಳವಾಗಿ ಸಾಕು. ಇದನ್ನು ಹಲಗೆಯ ಅಡಿಯಲ್ಲಿ ಸರಿಮಾಡುತ್ತೇನೆ ಎಂದರೆ ಆಗದು. ಕಂಬವೇ ಓರೆಯಿದ್ದರೆ ಮೇಜು ತಿರುಗಿಸಿದಂತೆಲ್ಲ ಇಳಿಜಾರಿನ ದಿಕ್ಕು ಬದಲಾಗುತ್ತದೆ. ಒಂದು ಕಡೆ ಸರಿಮಾಡಿದ್ದು ಇನ್ನೊಂದು ಕಡೆ ಕೆಡುತ್ತದೆ. ಸರಿಮಾಡಬೇಕಾದದ್ದು ಬುಡದಲ್ಲಿ, ತಟ್ಟೆಗೂ ಬೆಂಚಿಗೂ ನಡುವೆ. ತೇಗದ ಚೂರನ್ನೋ ದಪ್ಪ ಪ್ಲಾಸ್ಟಿಕ್ ಹಲಗೆಯನ್ನೋ ಅದೇ ಓರೆಗೆ ಹತ್ತರಿ ಹಿಡಿದ ಬೆಣೆ ಮಾಡಿ ಅಲ್ಲಿ ಕೂರಿಸಬೇಕು. ಬೆಂಚಿನ ಮುಖ ಬಾಗಿದ್ದರೂ ಬೆಣೆಯ ಹಿಂಭಾಗವನ್ನು ಆ ಬಾಗಿಗೆ ಹೊಂದಿಸಿಕೊಳ್ಳಬಹುದು. ಈ ಬೆಣೆಯನ್ನು ತಾಳ್ಮೆಯಿಂದ ಮಾಡಿದವರ ಮೇಜು ಯಾವ ಕಡೆ ತಿರುಗಿಸಿದರೂ ಮಟ್ಟವಾಗಿ ನಿಲ್ಲುತ್ತದೆ.

ಒಳಗಿನ ಹಲಗೆಗೆ 12ರಿಂದ 18 ಮಿಲಿಮೀಟರ್ ದಪ್ಪದ, ನೀರಿಗೆ ಬಿಡದ ಪ್ಲೈವುಡ್ ಒಳ್ಳೆಯದು. ತಟ್ಟೆಗಿಂತ ಸುತ್ತಲೂ ನಾಲ್ಕೈದು ಸೆಂಟಿಮೀಟರ್ ದೊಡ್ಡದಿರಲಿ, ಜಾಗ ಇದ್ದರೆ ಇನ್ನೂ ದೊಡ್ಡದು. ಅಂಚುಗಳನ್ನು ಇಳಿಜಾರಾಗಿ ಹೆರೆಯಬೇಕು. ಗಡುಸು ಹಲಗೆ ಥಟ್ಟನೆ ಮುಗಿದು ತೆಳು ಫೈಬರ್ ಶುರುವಾದರೆ ಬಾಗುವಿಕೆಯೆಲ್ಲ ಆ ಒಂದೇ ಗೆರೆಯಲ್ಲಿ ಕೂಡಿಕೊಂಡು, ಬಿರುಕು ಬೋಲ್ಟಿನ ಹತ್ತಿರದಿಂದ ಅಲ್ಲಿಗೆ ಸ್ಥಳ ಬದಲಾಯಿಸುತ್ತದೆ ಅಷ್ಟೆ. ಬೆಂಚಿನ ಒಳಮುಖ ಅಚ್ಚಿಗೆ ತಾಗಿದ ಮುಖವಲ್ಲ, ಹಾಗಾಗಿ ಅದು ಉಬ್ಬುತಗ್ಗು. ಹಲಗೆಯನ್ನು ಹಾಗೇ ಒತ್ತಿದರೆ ಮೂರು ನಾಲ್ಕು ಉಬ್ಬುಗಳಿಗೆ ಮಾತ್ರ ತಾಗಿ ನಿಲ್ಲುತ್ತದೆ. ನಡುವಿನ ಪೊಳ್ಳನ್ನು ಎಪಾಕ್ಸಿಯಿಂದ ತುಂಬಬೇಕು. 80ರ ಮರಳು ಕಾಗದದಲ್ಲಿ ಫೈಬರನ್ನು ಹೊಳಪೆಲ್ಲ ಹೋಗುವವರೆಗೆ ಉಜ್ಜಿ, ದೂಳು ತೆಗೆದು, ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಮೇಲೆ ಎಪಾಕ್ಸಿ. ಐವತ್ತು ವರ್ಷದ ಹಳೆಯ ಫೈಬರ್ ಹೊಸ ಅಂಟಿನೊಂದಿಗೆ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಉಜ್ಜಿದ ಗೀರುಗಳೊಳಗೆ ಅಂಟು ಇಳಿದು ಹಿಡಿಯುತ್ತದೆ. ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಹಳೆಯ ಮೈಗೂ ಮರಕ್ಕೂ ಎಪಾಕ್ಸಿಯ ಹಿಡಿತವೇ ಹೆಚ್ಚು. ಸಿಲಿಕಾ ಪುಡಿ ಬೆರೆಸಿ ಚಮಚದಿಂದ ಜಾರದಷ್ಟು ಗಟ್ಟಿ ಮಾಡಿಕೊಂಡರೆ ನೆಟ್ಟನೆಯ ಗೋಡೆಯಲ್ಲೂ ನಿಲ್ಲುತ್ತದೆ. ರೆಸಿನ್ ಮತ್ತು ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಂತೆಯೇ ಇರಬೇಕು, ಬೇಗ ಗಟ್ಟಿಯಾಗಲೆಂದು ಹಾರ್ಡನರ್ ಹೆಚ್ಚು ಸುರಿದರೆ ಎಂದೂ ಪೂರ್ತಿ ಗಟ್ಟಿಯಾಗದು. ಪ್ಲೈಯ ಅಂಚಿಗೂ ತೂತುಗಳ ಒಳಮೈಗೂ ಎಪಾಕ್ಸಿ ಬಳಿಯುವುದನ್ನು ಬಿಡಬೇಡಿ. ಚಳಿನಾಡಿನಲ್ಲಿ ಬೆಂಚಿನೊಳಗೆ ಗಾಳಿಯ ತೇವ ನೀರಾಗಿ ಹನಿಯುವುದು ನಿತ್ಯದ ಮಾತು.

ತೂತು ಕೊರೆಯುವ ಕೆಲಸ ಮೇಜುಗೈಯ ತಟ್ಟೆಯನ್ನೇ ಮಾದರಿಯಾಗಿಟ್ಟು. ಜಾಗಕ್ಕೆ ಕಾಗದದ ಟೇಪ್ ಅಂಟಿಸಿ ಗುರುತು ಹಾಕಿ. ಡ್ರಿಲ್ಲನ್ನು ಮೊದಲು ಹಿಮ್ಮುಖವಾಗಿ ತಿರುಗಿಸಬೇಕು. ಹಿಮ್ಮುಖ ತಿರುಗುವ ಬಿಟ್ಟು ಕಚ್ಚಿ ಎಳೆಯುವುದಿಲ್ಲ, ಮೆಲ್ಲಗೆ ಸವೆಸುತ್ತದೆ. ಜೆಲ್‌ಕೋಟ್ ಚಕ್ಕೆ ಏಳದೆ ಬಿಡಿಸಿಕೊಳ್ಳುತ್ತದೆ. ಬಣ್ಣದ ಪುಡಿ ಮುಗಿದು ಹಸಿರು-ಕಂದು ಪುಡಿ ಬರತೊಡಗಿದಾಗ ಫೈಬರ್ ತಲುಪಿದ್ದೀರಿ, ಆಮೇಲೆ ಮುಮ್ಮುಖ. ಗಾಜು ಬಿಟ್ಟಿನ ಬಾಯಿಯನ್ನು ಬೇಗ ಮೊಂಡು ಮಾಡುತ್ತದೆ, ಕಾರ್ಬೈಡ್ ಬಿಟ್ಟಾದರೆ ತಾಳುತ್ತದೆ. ಹಿಂದಿನಿಂದ ಮರದ ತುಂಡು ಒತ್ತಿ ಹಿಡಿದಿದ್ದರೆ ಆ ಕಡೆಯ ಪದರ ಸಿಡಿಯುವುದಿಲ್ಲ. ತೂತಾದ ಮೇಲೆ, ಅಗಲ ತಲೆಯ ಬಿಟ್ಟನ್ನು ಬೆರಳಲ್ಲೇ ತಿರುಗಿಸಿ ಜೆಲ್‌ಕೋಟಿನ ಬಾಯನ್ನಷ್ಟೇ ಕೊಂಚ ಅಗಲಿಸಬೇಕು. ಬೋಲ್ಟು ಒತ್ತಿದಾಗ ಒತ್ತಡ ಪಿಂಗಾಣಿಯಂಥ ಆ ಪದರಕ್ಕೆ ತಾಗದೆ ನೇರ ಫೈಬರಿಗೆ ಹೋಗಲು ಇದೊಂದು ನಿಮಿಷದ ಕೆಲಸ.

ಗಾಜಿನ ದೂಳಿನ ಬಗ್ಗೆ ಉಡಾಫೆ ಸಲ್ಲದು. ಮೂಗಿಗೆ ಒಳ್ಳೆಯ ಮಾಸ್ಕು, ಕಣ್ಣಿಗೆ ಕನ್ನಡಕ, ತುಂಬು ತೋಳಿನ ಅಂಗಿ. ಕೊರೆಯುವಾಗಲೇ ಪಕ್ಕದಲ್ಲಿ ವ್ಯಾಕ್ಯೂಮ್ ಹಿಡಿದಿರಲಿ. ಆ ಗಾಡಿಯಲ್ಲೇ ಮಕ್ಕಳು ಮಲಗಬೇಕಲ್ಲ. ಕೈ ತೊಳೆಯಲು ತಣ್ಣೀರು.

ಹಲಗೆ, ಬೆಂಚು, ಬೆಣೆ, ತಟ್ಟೆ ಎಲ್ಲವನ್ನೂ ಹಾಯ್ದು ಬರುವಷ್ಟು ಉದ್ದದ ಸ್ಟೇನ್‌ಲೆಸ್ ಬೋಲ್ಟು, ಹಿಂದೆ ಅಗಲ ವಾಷರ್, ನೈಲಾನ್ ಬಳೆಯಿರುವ ನಟ್ಟು. ಮಾಮೂಲಿ ನಟ್ಟು ರಸ್ತೆಯ ಕುಲುಕಾಟಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಒಣದಾಗಿ ತಿರುಗಿಸಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಜಾಮ್ ಆಗುವುದುಂಟು, ಒಂದು ಹನಿ ಗ್ರೀಸ್ ಸಾಕು. ಎಪಾಕ್ಸಿ ಹಸಿಯಿರುವಾಗ ಬೋಲ್ಟುಗಳನ್ನು ಅಂಟು ಅಂಚಿನಲ್ಲಿ ಇಣುಕುವಷ್ಟು ಮಾತ್ರ ಬಿಗಿಯಿರಿ. ಪೂರ್ತಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು, ತುಂಬಬೇಕಾದ ಪೊಳ್ಳು ಪೊಳ್ಳಾಗಿಯೇ ಉಳಿಯುತ್ತದೆ. ರಾತ್ರಿಯಿಡೀ ಬಿಟ್ಟು, ಗಟ್ಟಿಯಾದ ಮೇಲೆ ಕೊನೆಯ ಬಿಗಿ. ತಟ್ಟೆಯನ್ನೂ ಬೆಣೆಯನ್ನೂ ಮಾತ್ರ ಎಪಾಕ್ಸಿಯಿಂದಾಗಲಿ, ದೋಣಿಯವರು ಬಳಸುವ ಕಾಯಂ ಪಾಲಿಯೂರಥೇನ್ ಅಂಟಿನಿಂದಾಗಲಿ ಅಂಟಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾಳೆ ಯಾರಾದರೂ ಬಿಚ್ಚಬೇಕಾಗಿ ಬಂದರೆ ಜೆಲ್‌ಕೋಟೂ ಅದರ ಜೊತೆಗೇ ಕಿತ್ತು ಬರುತ್ತದೆ. ಹಿಂದಿನ ಹಲಗೆ ಕಾಯಂ ಇರಲಿ, ಮುಂದಿನದೆಲ್ಲ ಬಿಚ್ಚುವಂತಿರಲಿ.

ಮೇಜಿನ ಹಲಗೆ ದೊಡ್ಡದಿದ್ದಷ್ಟೂ ಚೆಂದ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಮೇಲಿನ ಲೆಕ್ಕ ನೆನಪಿರಲಿ: ಅಂಚು ದೂರ ಹೋದಷ್ಟೂ ಬೋಲ್ಟಿನ ಮೇಲಿನ ಎಳೆತ ಅದೇ ಪ್ರಮಾಣದಲ್ಲಿ ಏರುತ್ತದೆ. ಇಬ್ಬರು ಊಟ ಮಾಡಲು 75 ಸೆಂಟಿಮೀಟರ್ ಉದ್ದ, 45-50 ಸೆಂಟಿಮೀಟರ್ ಅಗಲ ಧಾರಾಳ. ಹಗುರ ಪ್ಲೈ, ದುಂಡು ಮೂಲೆ. ಇಕ್ಕಟ್ಟಿನ ಗಾಡಿಯಲ್ಲಿ ಚೂಪು ಮೂಲೆ ಎಲ್ಲರ ಸೊಂಟವನ್ನೂ ಹುಡುಕಿಕೊಂಡು ಬರುತ್ತದೆ. ವಯಸ್ಸಾದವರಿಗೆ ಒಂದು ಮಾತು ಹೇಳಿಡಬೇಕು: ಈ ಮೇಜು ಊರುಗೋಲಲ್ಲ, ಏಳುವಾಗ ಬೆಂಚಿನ ಅಂಚು ಹಿಡಿದೇಳಲಿ. ಅವರಿಗಾಗಿಯೇ ಬಾಗಿಲ ಬಳಿ ಪ್ರತ್ಯೇಕ ಹಿಡಿಕೆ ಹಾಕಿಸಿದರೆ ಇನ್ನೂ ಒಳ್ಳೆಯದು, ಅದರ ಹಿಂದೆಯೂ ಹಲಗೆ ಕೊಟ್ಟು.

ಹಳೆಯ ಮೇಜನ್ನು ಎಸೆಯಬೇಡಿ. ಹೊಸ ಮೇಜು ಚಿಕ್ಕದು, ಎರಡು ಬೆಂಚಿನ ನಡುವಿನ ಸಂದನ್ನು ಮುಚ್ಚಿ ಮಂಚ ಮಾಡಲು ಸಾಲದು. ಅದು ತುಂಬಿದರೂ, ತಟ್ಟೆಯ ಮೇಲೆ ಮಲಗಿದವರ ಭಾರ ಹೊರಿಸುವಂತಿಲ್ಲ. ಹಳೆಯ ಹಲಗೆ ಬೆಂಚುಗಳ ಅಂಚಿನ ಮೇಲೆ ಎರಡೂ ಕಡೆ ಊರಿ ಕೂರುವುದರಿಂದ ಆ ಕೆಲಸಕ್ಕೆ ಅದೇ ಸರಿ. ಹಗಲಲ್ಲಿ ಹಾಸಿಗೆಯ ಅಡಿಗೆ ತಳ್ಳಿದರಾಯಿತು. ಗಾಡಿ ಹೊರಡುವಾಗ ಹೊಸ ಮೇಜನ್ನೂ ಕೈ ಸಮೇತ ಕಳಚಿ ಮಲಗಿಸಿಡಬೇಕು. ಓಡುವ ಟ್ರೇಲರಿನಲ್ಲಿ ಯಾರೂ ಕೂರುವುದಿಲ್ಲ, ಮೇಜೊಂದೇ ಗಂಟೆಗಟ್ಟಲೆ ಕುಣಿಯುತ್ತ ಬೋಲ್ಟುಗಳನ್ನು ಎಳೆಯುತ್ತಿರುತ್ತದೆ.

ಮೊದಲ ಪ್ರವಾಸ ಮುಗಿಸಿ ಬಂದ ಮೇಲೆ ಬೆಂಚಿನ ಮುಚ್ಚಳ ತೆಗೆದು ನಟ್ಟುಗಳಿಗೆ ಪಾನ ಹಾಕಿ ನೋಡಿ. ಮರ ಸ್ವಲ್ಪ ಕೂತಿರುತ್ತದೆ, ಕಾಲು ಸುತ್ತು ಬಿಗಿಯಬೇಕಾಗಬಹುದು. ಆಮೇಲೆ ಟಾರ್ಚನ್ನು ಬೆಂಚಿನ ಮುಖಕ್ಕೆ ಅಡ್ಡಲಾಗಿ ಹಿಡಿದು ಬೆಣೆಯ ಸುತ್ತ ಕೂದಲೆಳೆಯ ಬಿರುಕಿದೆಯೇ ನೋಡಬೇಕು. ಎದುರಿನಿಂದ ಬೆಳಕು ಬಿಟ್ಟರೆ ಅವು ಕಾಣುವುದಿಲ್ಲ. ಒಂದೇ ಒಂದು ಕಂಡರೂ ಒಳಗಿನ ಹಲಗೆ ಸಾಲದೆಂದೇ ಅರ್ಥ. ಮೇಲಿನಿಂದ ಬಣ್ಣ ಬಳಿಯದೆ, ಬೋಲ್ಟು ಬಿಚ್ಚಿ, ಆ ಹಲಗೆಯ ಬೆನ್ನಿಗೇ ಇನ್ನೊಂದು ಅಗಲ ಹಲಗೆಯನ್ನು ಬೆಂಚಿನ ನೆಲದವರೆಗೂ ಇಳಿಯುವಂತೆ ಕೂರಿಸಿ, ಉದ್ದದ ಬೋಲ್ಟು ಹಾಕಿ.